ಏಳನೇ ವಿಷಯ

ಬಾಗಿಲಾಚೆ ಯಾರೋ ಕೆಮ್ಮಿದರು, ವಿಭಾಗದ ಮುಖ್ಯಸ್ಥರೇ, ಸಿಟ್ಟು ನುಂಗುವಾಗ ಹಾಗೇ ಕೆಮ್ಮುತ್ತಾರೆ — ಮೂರನೇ ವಿಷಯ ಎಂದಿತು ಕಿರಿಯ ಅಧ್ಯಾಪಕಿಯ ದನಿ, ಹೆಂಗಸರಿಗೆ ಅಂಕಿಸಂಖ್ಯೆ ಎಲ್ಲಿ ಹತ್ತುತ್ತೆ ಬಿಡಿ, ಅಂದವರು ಮುಖ್ಯಸ್ಥರು ಎಂದು ಓದುತ್ತಿದ್ದಾಳೆ, ಒಂದೂ ಬಿಡದೆ ಓದುತ್ತಿದ್ದಾಳೆ, ಹೊರಗೆ ಬೆಂಚಿನ ಮೇಲೆ ಕೂತ ಇವಳು ಒಂದೊಂದೇ ವಿಷಯ ಎಣಿಸುತ್ತಿದ್ದಳು. ಎರಡು ನೋಟ್‌ಬುಕ್ಕಿಗೂ ಒಂದೇ ಕಂದು ರಟ್ಟು, ಯಾವ ಪೆದ್ದಿ ಹಾಗೆ ಕೊಳ್ಳುತ್ತಾಳೆ — ಸಭೆಯಲ್ಲಿ ಅಂದದ್ದನ್ನು ಅಂದ ಹಾಗೇ ಗೀಚಿಕೊಳ್ಳುವುದು ಒಂದರಲ್ಲಿ, ಮನೆಯಲ್ಲಿ ಅದನ್ನು ತೊಳೆದು ಬಳಿದು ಸುದೀರ್ಘವಾಗಿ ಚರ್ಚಿಸಲಾಯಿತು ಎಂದು ನಡಾವಳಿ ಬರೆಯುವುದು ಇನ್ನೊಂದರಲ್ಲಿ, ಬೆಳಿಗ್ಗೆ ವಿಭಾಗವನ್ನು ನೋಡಲು ಬಂದ ಹೊರದೇಶದ ಸಮಿತಿಯ ಕೈಗೆ ತಪ್ಪಿ ಇತ್ತದ್ದು ಮೊದಲನೆಯದು. ನಿಮ್ಮ ಕೈಬರಹ ಚೆಂದ ಮೇಡಂ, ನೀವೇ ಬರ್ಕೊಂಡ್ಬಿಡಿ, ಎಂದಿದ್ದರು ಮುಖ್ಯಸ್ಥರು, ಹನ್ನೊಂದು ವರ್ಷವಾಯಿತು, ಇವಳ ನಂತರ ಸೇರಿದ ಮೂವರು ಗಂಡಸರು ಪ್ರಾಧ್ಯಾಪಕರಾದರು, ಇವಳು ಬರೆಯುತ್ತಲೇ ಇದ್ದಳು. ಸಮಿತಿಯವರು ನಾಲ್ಕು ದೇಶಗಳ ವಾಣಿಜ್ಯ ವಿಭಾಗಗಳನ್ನು ನೋಡಿ ಬಂದವರು, ಒಂದು ಕಡೆ ಮಗುವಿನ ನೆವ, ಇನ್ನೊಂದು ಕಡೆ ಗಂಡನ ವರ್ಗಾವಣೆ, ಮತ್ತೊಂದು ಕಡೆ ಸಂಜೆಯ ಸಭೆ, ದೊಡ್ಡ ಕುರ್ಚಿ ಮಾತ್ರ ಎಲ್ಲೆಲ್ಲೂ ಗಂಡಸರದ್ದೇ, ಎಂದಿದ್ದರು ನಿನ್ನೆ ಅವರ ಅಧ್ಯಕ್ಷೆ, ಅದನ್ನು ಅನುವಾದಿಸಿ ಹೇಳಿದ ಕಿರಿಯಳು ಇವಳತ್ತ ಕಣ್ಣು ಮಿಟುಕಿಸಿ, ಅಕ್ಕ, ನಮ್ಮಲ್ಲಿ ಎಲ್ಲಾ ನೆವಾನೂ ಇದ್ಯಲ್ಲ, ಅಂದಿದ್ದಳು. ಅವರಿಗೆ ನಮ್ಮ ಭಾಷೆ ಬಾರದು, ಅದಕ್ಕೇ ಇವತ್ತೂ ಅವಳೇ ಓದಿ ಅನುವಾದಿಸಿ ಹೇಳಬೇಕು.

ಐದು. ಒಳಗೆ ನುಗ್ಗಿ ಕಿತ್ತುಕೊಳ್ಳಲೇ, ತಲೆಸುತ್ತು ಎಂದು ಇಲ್ಲೇ ಬೀಳಲೇ, ಇವಳ ಬಡ್ತಿಯ ಕಾಗದ ಮುಖ್ಯಸ್ಥರ ಮೇಜಿನ ಮೇಲಿದೆ, ಇನ್ನು ಅದಕ್ಕೆ ಸಹಿ ಬೀಳಲಾರದು, ಹಾಳಾಗಿ ಹೋಗಲಿ ಬಡ್ತಿ, ಭಯ ಅದರದ್ದಲ್ಲ, ಏಳನೆಯದರದ್ದು — ಹೊಸ ಸಂಶೋಧನಾ ಯೋಜನೆ ಯಾರಿಗೆ. ಆ ಹುಡುಗೀಗೇ ಕೊಡೋಣ್ವಾ, ನೀವೇನಂತೀರಿ ಮೇಡಂ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಮುಖ್ಯಸ್ಥರು ಇವಳನ್ನು ಕೇಳಿದ್ದರು, ಆ ಹುಡುಗಿ ಎಂದರೆ ಈ ಕಿರಿಯಳೇ, ಅಂದು ಸಭೆಗೆ ಬಂದಿರಲಿಲ್ಲ, ಎಲ್ಲ ತಲೆಗಳೂ ಇತ್ತ ತಿರುಗಿದವು, ಏನಾದರೂ ಹೇಳಬೇಕಿತ್ತು, ಹೇಳಿಬಿಟ್ಟಳು. ಅವಳು ಬಸುರಿ ಸರ್. ಹೇಳಿ, ಅಭ್ಯಾಸಬಲದಿಂದ, ತನ್ನ ಹೆಸರಿನ ಮುಂದೆ ಬರೆದೂ ಬಿಟ್ಟಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಇವಳದ್ದು ಹೋಗಲೂ ಇಲ್ಲ, ಪುಟದಲ್ಲೇ ಕೂತಿದೆ. ಅಕ್ಕ, ನಿಮಗೊಬ್ಬರಿಗೇ ಹೇಳಿರೋದು, ಮೂರು ತಿಂಗಳು ತುಂಬೋವರೆಗೂ ಯಾರಿಗೂ ಬೇಡ, ಎಂದಿದ್ದಳು ಕಿರಿಯಳು — ಯೋಜನೆ ಬೇರೊಬ್ಬನ ಪಾಲಾದ ದಿನ ಇವಳ ಹೆಗಲ ಮೇಲೇ ತಲೆಯಿಟ್ಟು ಅತ್ತಳು, ನನ್ನಲ್ಲೇನು ಕಮ್ಮಿ ಇತ್ತಕ್ಕ, ಇವಳು ಬೆನ್ನು ಸವರಿದಳು, ಗಂಡಸರ ಬುದ್ಧಿಯೇ ಅಷ್ಟು ಬಿಡೇ ಎಂದಳು, ಹೌದು, ಹಾಗೇ ಎಂದಳು, ಅವಳು ಬಸುರಿ ಸರ್ ಎಂದ ಬಾಯಿಂದಲೇ.

ಆರು ಇಷ್ಟು ಬೇಗ ಮುಗಿಯಿತೇ, ಏಳನೇ ವಿಷಯ, ದನಿಯಲ್ಲಿ ಸಣ್ಣ ನಗು, ತನ್ನದೇ ಸುದ್ದಿ ಬಂತಲ್ಲ ಎಂಬ ನಗು, ಆ ಹುಡುಗೀಗೇ ಕೊಡೋಣ್ವಾ, ಓದಬೇಡ ತಂಗಿ, ಕಣ್ಣು ಹಾರಿಸು, ಪುಟ ತಿರುಗಿಸು, ಇವಳ ಹೆಸರು ಓದಿ, ಅವಳು — ಎಂದಿತು ದನಿ, ಅವಳು ಬ — ನಿಂತಿತು. ಯಾರೂ ಕೆಮ್ಮಲಿಲ್ಲ. ಮುಂದೇನಿದೆ ಎಂದು ಅಧ್ಯಕ್ಷೆ ತಮ್ಮ ಭಾಷೆಯಲ್ಲಿ ಕೇಳಿದರು, ಮತ್ತೊಮ್ಮೆ ಕೇಳಿದರು, ಬೆಂಚಿನ ಮೇಲೆ ಇವಳ ತಲೆಯೊಳಗೆ ತನ್ನದೇ ದನಿ, ಅವಳು ಬಸುರಿ ಸರ್, ಅವಳು ಬಸುರಿ ಸರ್, ಅವಳು ಬಸುರಿ