ಓಡಿ ಬಂದ ಮಣ್ಣು

ಮಡಕೆಯ ಚೂರು ಹೆಕ್ಕುವವರಿಗೆ ಬೇರೆ ಕೆಲಸವಿಲ್ಲವೆಂದು ನೀವೂ ನಕ್ಕವರಲ್ಲವೇ?

ನಾನೂ ನಕ್ಕೆ. ಗುಡ್ಡದ ಬುಡದ ಶಾಲೆಯ ಉಪಾಧ್ಯಾಯ ನಾನು. ಹೊಸ ಕೊಠಡಿ ಕಟ್ಟುವ ಮುನ್ನ ನಮ್ಮ ಆಟದ ಬಯಲಿನಲ್ಲಿ ಪುರಾತತ್ತ್ವ ಸಂಶೋಧಕರೊಬ್ಬರು ಆಳೆತ್ತರದ ಗುಂಡಿ ತೋಡಿಸಿದರು. ಅದರ ಗೋಡೆಯಲ್ಲಿ ಹಳೆಯ ಮಡಕೆಗಳೂ ಮೂರು ಹಳದಿ ಪಟ್ಟೆಗಳೂ ಕಂಡವು. ಆ ಪಟ್ಟೆಗಳು ಮೂರು ಕಾಲದ ಮನೆಗಳ ನೆಲವೆಂದು ಅವರು ಬರೆದರು. ಸಾವಿರ ವರ್ಷ ಜನ ಬಾಳಿದ ಜಾಗ ಭದ್ರವೆಂದು ಶಿಕ್ಷಣ ಇಲಾಖೆಯ ಕಚೇರಿ ಹೊಸ ಕೊಠಡಿಗೆ ಒಪ್ಪಿಗೆ ಕೊಟ್ಟಿತು.

ಆದರೆ ಗುಂಡಿ ಮುಚ್ಚುವ ಮೊದಲು ಊರಿನ ಕಸುಬುದಾರರಿಗೆ ತೋರಿಸುವುದು ಆ ಸಂಶೋಧಕರ ಪದ್ಧತಿ. ಕುಂಬಾರಜ್ಜಿ ಬಂದರು. ಅವರ ಮೊಮ್ಮಗಳು ಪುಟ್ಟಿ ನನ್ನ ಎರಡನೆಯ ತರಗತಿಯಲ್ಲಿದ್ದಾಳೆ. ಅಜ್ಜಿ ಹಳದಿ ಮಣ್ಣನ್ನು ಒಂದು ಚಿಟಿಕೆ ಕಿತ್ತು ಬಾಯಿಗೆ ಹಾಕಿಕೊಂಡರು.

"ಏನಜ್ಜಿ, ಉಪ್ಪು ಸಾಕಾ?" ಎಂದೆ.

ಅಜ್ಜಿ ಅದನ್ನು ಅಂಗೈಗೆ ಉಗಿದು ಚೂಪಾದ ಹರಳೊಂದನ್ನು ತೋರಿಸಿದರು. "ನಗಿ ಮೇಷ್ಟ್ರೇ, ನಗಿ. ಜರಡಿ ಹಿಡಿಯದೆ ಯಾರಾದ್ರೂ ನೆಲ ಬಳೀತಾರಾ? ಇದು ಬಳಿದದ್ದಲ್ಲ, ಗುಡ್ಡದಿಂದ ಓಡಿ ಬಂದದ್ದು. ಮಡಕೆಗಳೆಲ್ಲ ಒಂದೇ ಕಡೆಗೆ ಮಗುಚಿವೆ, ನೋಡಿ. ಮೂರು ಸಲ ಗುಡ್ಡ ಜರಿದು ಬಂದಿದೆ."

ಸಂಶೋಧಕರು ಆ ಹರಳನ್ನು ಬೆಳಕಿಗೆ ಹಿಡಿದು ನೋಡಿದರು. "ತಪ್ಪು ನನ್ನದಮ್ಮಾ. ಮೊದಲೇ ನಿಮ್ಮನ್ನ ಕೇಳಬೇಕಿತ್ತು," ಎಂದರು. ಪ್ರಯೋಗಾಲಯದ ಪರೀಕ್ಷೆಯೂ ಅಜ್ಜಿಯ ಮಾತನ್ನೇ ಹೇಳಿತು. ಶಾಲೆಯನ್ನೇ ಇಲ್ಲಿಂದ ಸ್ಥಳಾಂತರಿಸಬೇಕೆಂದು ಇಬ್ಬರ ಹೆಸರಿನಲ್ಲಿ ಹೊಸ ವರದಿ ಹೋಯಿತು. ಬಂದ ಉತ್ತರ ಒಂದೇ ಸಾಲಿನದು: ಕುಂಬಾರಗಿತ್ತಿಯ ನಾಲಿಗೆಯನ್ನು ನಂಬಿ ಶಾಲೆ ಸ್ಥಳಾಂತರಿಸಲಾಗದು.

ಅಂದಿನಿಂದ ಹಲಗೆಗೆ ಮುಖಮಾಡಿ ಬರೆಯುವಾಗಲೂ ನನ್ನ ಬೆನ್ನು ಗುಡ್ಡವನ್ನೇ ಕಾಯುತ್ತಿತ್ತು. ಬೆಂಚು ಸರಿದ ಸದ್ದಿಗೂ ಕಿಟಕಿಯತ್ತ ತಿರುಗುತ್ತಿದ್ದೆ. ನಿನ್ನೆ ಮಧ್ಯಾಹ್ನ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದಾಗ ಶಾಲೆಯ ಹಿತ್ತಿಲಿನಲ್ಲಿ ಗುಡ್ಡದಿಂದ ಇಳಿಯುವ ಒರತೆಯತ್ತ ನೋಡಿದೆ. ಸದಾ ತಿಳಿಯಾಗಿದ್ದ ನೀರು ಹಳದಿಯಾಗಿ ಹರಿಯುತ್ತಿತ್ತು. ಅದರ ಕೆಸರನ್ನು ಬೆರಳಿನಿಂದ ನಾಲಿಗೆಗಿಟ್ಟುಕೊಂಡೆ.

ಹಲ್ಲಿನ ನಡುವೆ ಹರಳು ಕರಕರ ಎಂದಿತು.

ನಲವತ್ತು ಮಕ್ಕಳನ್ನೂ ಎದುರು ದಿಬ್ಬದ ಮೇಲಿರುವ ಅಜ್ಜಿಯ ಕುಂಬಾರಿಕೆಯ ಕೊಟ್ಟಿಗೆಗೆ ಕರೆದೊಯ್ದೆ. "ಮೇಷ್ಟ್ರೇ, ನನ್ನ ಚೀಲ ಅಲ್ಲೇ ಇದೆ," ಎಂದು ಪುಟ್ಟಿ ಅತ್ತಳು. ಹಿಂತಿರುಗಿ ಹೋಗಲು ನನಗೆ ಧೈರ್ಯ ಸಾಲಲಿಲ್ಲ.

ಗುಡ್ಡ ಇನ್ನೂ ಜರಿದಿಲ್ಲ; ಸೋಮವಾರ ಅದೇ ಕೊಠಡಿಯಲ್ಲಿ ಪಾಠ ನಡೆಸಬೇಕೆಂದು ಕಚೇರಿಯಿಂದ ಆದೇಶ ಬಂದಿದೆ. ನಾನು ನಡೆಸುವುದಿಲ್ಲ, ನನ್ನ ಜಾಗಕ್ಕೆ ಬೇರೊಬ್ಬರನ್ನು ಕಳುಹಿಸುತ್ತಾರೆ. ಆದರೆ ಮಕ್ಕಳನ್ನು ಕಳುಹಿಸುವವರು ನೀವು. ಕಳುಹಿಸಬೇಡಿ. ವರದಿ ಕೊಟ್ಟಿಗೆಯ ಬಾಗಿಲಲ್ಲಿದೆ. ಓದಿ, ಅಜ್ಜಿಯ ಹೆಬ್ಬೆಟ್ಟಿನ ಕೆಳಗೆ ಇಂದೇ ನಿಮ್ಮ ಸಹಿ ಹಾಕಿ.