ಮೂರು ಗಂಟೆಯ ಬಿಸಿಲು

ಬೆಳಗಿನ ಆರು ಹೊಡೆಯಿತು. ಎದ್ದು, ಕೀಲಿಯನ್ನು ಕೆಳಗಿನ ಮೊಳೆಗೆ ತಗುಲಿಹಾಕಿ ಹೊರಡಬೇಕಿತ್ತು. ಹುಡುಗಿಗೆ ತಲೆಯೇ ಎತ್ತಲಾಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಇನ್ನರ್ಧ ಗಂಟೆಗೆ ನರ್ಸಕ್ಕ ಪಾಳಿ ಮುಗಿಸಿ ಬರುತ್ತಾಳೆ, ಮಲಗಲು ಇರುವುದು ಇದೊಂದೇ ಮಂಚ.

ಆ ಕೋಣೆಯ ಏರ್ಪಾಡೇ ಹಾಗಿತ್ತು. ಯೂನಿವರ್ಸಿಟಿಯ ಹಾಸ್ಟೆಲ್ ಪಟ್ಟಿಯಲ್ಲಿ ಹುಡುಗಿಯ ಹೆಸರು ಎಷ್ಟು ಕೆಳಗಿತ್ತೆಂದರೆ, ಅದು ಮೇಲೆ ಬರುವಷ್ಟರಲ್ಲಿ ಅವಳ ಓದೇ ಮುಗಿದಿರುತ್ತಿತ್ತು. ಬೀದಿ ಬೀದಿ ಅಲೆದು, ಬಾಡಿಗೆ ಕೇಳಿ ಬಾಯಿ ಮುಚ್ಚಿಕೊಂಡು ಹಿಂತಿರುಗಿ, ಎರಡು ವಾರ ಗೆಳತಿಯ ಹಾಸ್ಟೆಲಿನ ನೆಲದಲ್ಲಿ ಕದ್ದು ಮಲಗಿದ ಮೇಲೆ ಸಿಕ್ಕಿದ್ದು ಅರ್ಧ ಬಾಡಿಗೆಯ ಈ ಮಹಡಿ ಕೋಣೆ. ಸಂಜೆ ಏಳರಿಂದ ಬೆಳಗ್ಗೆ ಆರರವರೆಗೆ ಇವಳದು. ಉಳಿದ ಹೊತ್ತು ರಾತ್ರಿಪಾಳಿಯ ನರ್ಸಕ್ಕನದು. ಮನೆಯೊಡತಿ ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಬೀದಿಗೆಲ್ಲ ಕಂಡಕ್ಟರಮ್ಮ. ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು: "ಒಂದು ಸೀಟಿಗೆ ಒಬ್ರೇ. ಇಬ್ರೂ ಒಟ್ಟಿಗೆ ಕಂಡ್ರೆ ಇಬ್ರನ್ನೂ ಅಲ್ಲೇ ಇಳಿಸ್ತೀನಿ. ಟ್ಯಾಂಕಲ್ಲಿ ನೀರಿರೋದೇ ಅಷ್ಟು."

ಎಂಟು ತಿಂಗಳಾದರೂ ಹುಡುಗಿ ನರ್ಸಕ್ಕನ ಮುಖ ನೋಡಿರಲಿಲ್ಲ. ಗೊತ್ತಿದ್ದದ್ದು ಬಾಚಣಿಗೆಯಲ್ಲಿ ಸಿಕ್ಕುವ ಒಂದೆರಡು ನರೆಗೂದಲು, ಮೇಜಿನ ಮೇಲೆ ಬಿಟ್ಟುಹೋಗುವ ಚೀಟಿಗಳ ಓರೆ ಅಕ್ಷರ. ಸಿಟ್ಟು ಬರಿಸುತ್ತಿದ್ದುದು ಒಂದೇ, ಕಿಟಕಿಗೆ ಅವಳು ಕಟ್ಟಿದ್ದ ಕಂಬಳಿಯ ಪರದೆ. ಗಾಳಿಗೆಂದು ಇವಳು ದಿನಾ ಸರಿಸುವುದು, ಹಗಲಲ್ಲಿ ನರ್ಸಕ್ಕ ಮತ್ತೆ ಎಳೆಯುವುದು. ಹಗಲಲ್ಲೂ ಕತ್ತಲು ಮಾಡಿಕೊಂಡು ಅದೇನು ಬದುಕುತ್ತಾಳೋ ಎಂದು ಇವಳು ಗೊಣಗಿಕೊಳ್ಳುತ್ತಿದ್ದಳು.

ಕಳೆದ ವಾರ ಫೋನಿನಲ್ಲಿ ಅಮ್ಮ, "ರೂಮಿಗೆ ಬಿಸಿಲು ಬೀಳುತ್ತೇನೇ?" ಎಂದು ಕೇಳಿದ್ದಳು. "ಬೇಕಾದಷ್ಟು ಬೀಳುತ್ತಮ್ಮ" ಎಂದುಬಿಟ್ಟಿದ್ದಳು ಹುಡುಗಿ. ತನ್ನದೆಂದು ಹೇಳಿಕೊಳ್ಳುವ ಕೋಣೆಯನ್ನು ಅವಳು ಹಗಲ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ಲೈಬ್ರರಿ ಮುಚ್ಚಿರುವ ಭಾನುವಾರಗಳಲ್ಲಿ ಪಾರ್ಕಿನ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತಾಗ, ಈಗ ಅಲ್ಲಿ ಯಾವ ಗೋಡೆಗೆ ಬಿಸಿಲು ಬಿದ್ದಿರಬಹುದು ಎಂದು ಜೀವ ಹಂಬಲಿಸುತ್ತಿತ್ತು. ತಡೆಯಲಾರದೆ ಚೀಟಿಯಲ್ಲಿ ಬರೆದಳು: 'ಅಕ್ಕಾ, ನಮ್ಮ ರೂಮಿಗೆ ಬಿಸಿಲು ಬರುತ್ತಾ?' ಮರುದಿನ ಉತ್ತರವಿತ್ತು: 'ಮೂರು ಗಂಟೆಗೆ ಬರುತ್ತೆ. ಒಂದಿನ ನೋಡುವಿಯಂತೆ.'

ಆರೂವರೆ ಆಗಿರಬೇಕು, ಬಾಗಿಲು ತಟ್ಟಿದ ಸದ್ದಾಯಿತು. ಗೋಡೆ ಹಿಡಿದು ಹೋಗಿ ಚಿಲಕ ತೆಗೆದಳು. ಕುಳ್ಳಗಿನ ಹೆಂಗಸು, ಕೈಯಲ್ಲಿ ಬಿಳಿ ಶೂ.

"ಕೀಲಿ ಮೊಳೇಲಿ ಇರ್ಲಿಲ್ಲ, ಆಗ್ಲೇ ಅಂದ್ಕೊಂಡೆ" ಎನ್ನುತ್ತ ನರ್ಸಕ್ಕ ಅವಳ ಹಣೆ ಮುಟ್ಟಿದಳು.

"ಐದು ನಿಮಿಷ ಅಕ್ಕಾ, ಹೊರಟೆ."

"ಎಲ್ಲಿಗೆ, ಈ ಜ್ವರ ಹೊತ್ಕೊಂಡು? ಸುಮ್ನೆ ಮಲ್ಕೋ."

"ಕಂಡಕ್ಟರಮ್ಮ ನೋಡಿದ್ರೆ?"

"ನೋಡಿದ್ರೆ ತಾನೆ" ಎಂದು ನರ್ಸಕ್ಕ ಬಾಗಿ, ಹೊಸ್ತಿಲಾಚೆಯಿದ್ದ ಹುಡುಗಿಯ ಚಪ್ಪಲಿಗಳನ್ನು ಒಳಗಿಟ್ಟು ಬಾಗಿಲು ಹಾಕಿದಳು.

ಮಾತ್ರೆ ನುಂಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕುವಷ್ಟರಲ್ಲಿ ಹುಡುಗಿಗೆ ಕೆಮ್ಮು ಒತ್ತರಿಸಿ ಬಂತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

"ಯಾರಮ್ಮ ಅದು ಕೆಮ್ತಿರೋದು?"

"ನಾನೇ ಅಮ್ಮ. ರಾತ್ರಿ ಥಂಡಿ ಹಿಡೀತು" ಎಂದಳು ನರ್ಸಕ್ಕ.

ಹುಡುಗಿ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡಳು. ಪರೀಕ್ಷೆಗೆ ಎರಡೇ ವಾರ. ಈಗ ಇಳಿಸಿದರೆ ಮತ್ತೆ ಯಾರ ನೆಲದ ಮೇಲೆ ಮಲಗುವುದು? ತನ್ನಿಂದ ಈಕೆಯೂ ಬೀದಿಗೆ ಬೀಳಬೇಕೆ?

"ಮೂವತ್ತು ವರ್ಷ ಟಿಕೆಟ್ ಹರಿದಿದೀನಿ" ಎಂದಿತು ಹೊರಗಿನ ದನಿ. "ಒಂದು ಸೀಟಲ್ಲಿ ಎಷ್ಟು ಜನ ಕೂತಿದಾರೆ ಅಂತ ನಂಗೆ ಕಿವಿಗೇ ಗೊತ್ತಾಗುತ್ತೆ." ಒಂದು ಮೆಟ್ಟಿಲು ಇಳಿದ ಸದ್ದು. "ಸಂಜೆ ಏಳಕ್ಕೆ ಒಬ್ರು ಇಳೀಲೇಬೇಕು." ಹೆಜ್ಜೆಗಳು ಕೆಳಗಿಳಿದವು.

ಹುಡುಗಿಗೆ ಎಚ್ಚರವಾದಾಗ ಜ್ವರ ಬಿಟ್ಟು ಮೈ ಬೆವೆತಿತ್ತು. ಕೋಣೆಯ ತುಂಬ ಬೆಳಕು. ಇಷ್ಟು ದಿನ ಬಲ್ಬಿನ ಬೆಳಕಲ್ಲಿ ಬಿಳಿಯೆಂದುಕೊಂಡ ಗೋಡೆ ತಿಳಿನೀಲಿ. ಅದರ ಮೇಲೆ ಕಿಟಕಿಯಗಲದ ಬಿಸಿಲು, ಬಿಸಿಲಿನಲ್ಲಿ ಯಾವುದೋ ಮರದ ಎಲೆಗಳ ನೆರಳು ಅಲುಗುತ್ತಿತ್ತು. ಅಮ್ಮನಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಅವಳಿಗೆ ಅಳು ಬಂತು, ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ನೋಡಿದಷ್ಟೂ ಸಾಲದು.

ಆಮೇಲೆ ಕಿಟಕಿಯತ್ತ ತಿರುಗಿದಳು. ಕಂಬಳಿಯ ಪರದೆಯನ್ನು ಪೂರ್ತಿ ಸರಿಸಿ, ಮತ್ತೆ ಜಾರದಂತೆ ದಾರದಿಂದ ಕಟ್ಟಲಾಗಿತ್ತು. ಅದರ ಕೆಳಗೆ ಕುರ್ಚಿಯಲ್ಲಿ ಕೂತು, ಇವಳ ಪಠ್ಯಪುಸ್ತಕದ ಮೇಲೆ ಕೆನ್ನೆಯಿಟ್ಟು ನರ್ಸಕ್ಕ ನಿದ್ದೆಹೋಗಿದ್ದಳು. ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ನಿದ್ದೆಯಲ್ಲೇ ಕೈ ಎದ್ದು ಕಣ್ಣಿಗೆ ಅಡ್ಡ ಬರುವುದು, ಸೋತು ಜಾರುವುದು. ಸಂಜೆ ಏಳಕ್ಕೆ ಅವಳು ಮತ್ತೆ ಪಾಳಿಗೆ ಹೋಗಬೇಕು.

ಹುಡುಗಿ ಮಂಚದಿಂದ ಇಳಿದಳು. "ಅಕ್ಕಾ, ಇಲ್ಲಿ ಬಂದು ಮಲ್ಕೊಳ್ಳಿ."

ನರ್ಸಕ್ಕ ಅರೆಗಣ್ಣು ತೆರೆದಳು. "ನೋಡಿದ್ಯಾ?"

"ನೋಡಿದೆ."

ಮಂಚಕ್ಕೆ ಬಂದು ಬಿದ್ದವಳೇ ಮತ್ತೆ ನಿದ್ದೆಹೋದಳು. ಹುಡುಗಿ ಗೋಡೆಯನ್ನು ಇನ್ನೊಮ್ಮೆ ನೋಡಿ, ದಾರ ಬಿಚ್ಚಿ, ಪರದೆ ಎಳೆದಳು. ತನಗೆ ಗೊತ್ತಿದ್ದ ಕೋಣೆ ಮರಳಿ ಬಂತು. ಕುರ್ಚಿಗಾಗಿ ತಡಕಾಡಬೇಕಾಗಲಿಲ್ಲ. ಕೂತಳು. ಅದು ಇನ್ನೂ ಬೆಚ್ಚಗಿತ್ತು.