ಎಲ್ಲರ ಡಿಪಿಯಲ್ಲೂ ಬೈಲಪ್ಪನವರೇ

ನಮ್ಮ ಕುಂದಾಣದ ಕಡೆ ಒಂದು ಸಾವಾದರೆ, ಮನೆ ಮುಂದೆ ಶಾಮಿಯಾನ ಬರುವ ಮೊದಲೇ ಫೋನುಗಳಲ್ಲಿ ವಾಟ್ಸಾಪ್ ಫೋಟೋ ಬದಲಾಗಿರುತ್ತದೆ. ನಿನ್ನೆಯವರೆಗೆ ಒಬ್ಬ ಬೈಕಿನ ಮೇಲೆ ಕೂತಿದ್ದ, ಇನ್ನೊಬ್ಬಳು ಗುಲಾಬಿ ಹೂ ಹಾಕಿಕೊಂಡಿದ್ದಳು, ಮತ್ತೊಬ್ಬ ತನ್ನ ಮೆಚ್ಚಿನ ನಟನ ಹಿಂದೆ ಅವಿತಿದ್ದ. ಇವತ್ತು ನೋಡಿದರೆ ಎಲ್ಲರ ಡಿಪಿಯಲ್ಲೂ ತೀರಿಕೊಂಡವರ ಮುಖ. ಹಾಕದವನನ್ನು ನೆಂಟರು ಸುಮ್ಮನೆ ಬಿಡುತ್ತಾರೆಯೇ? ತಿಥಿ ಊಟದ ಪಂಕ್ತಿಯಲ್ಲೇ ವಿಚಾರಿಸಿಕೊಳ್ಳುತ್ತಾರೆ. ವರ್ಷ ತುಂಬುವವರೆಗೆ ತೆಗೆಯಬಾರದು ಎನ್ನುವುದು ಈಚೆಗೆ ನಾವೇ ಮಾಡಿಕೊಂಡ ಶಾಸ್ತ್ರ.

ಬೈಲಪ್ಪನವರು ಹೋದಾಗಲೂ ಹಾಗೇ ಆಯಿತು. ಊರಿಗೆ ಬೇಕಾಗಿದ್ದ ಮನುಷ್ಯ, ಎಲ್ಲರಿಗೂ ದುಃಖವಿತ್ತು. ಮಗ ನಂದೀಶ್, ಮಗಳು ಕವಿತ, ಸೊಸೆ ಪ್ರಮೋದಾ, ತಮ್ಮ ಚಿನ್ನಸ್ವಾಮಿ, ಅಣ್ಣನ ಮಗ ಕೆಂಪರಾಜ್, ಉಳಿದ ನೆಂಟರಿಷ್ಟರು, ಎಲ್ಲರೂ ಒಂದೇ ಫೋಟೋ ಹಾಕಿಕೊಂಡರು. ಬಿಳಿ ಶರ್ಟು, ಹೆಗಲ ಮೇಲೆ ಟವಲು, ಹಣೆಯಲ್ಲಿ ಕುಂಕುಮ. ಫ್ಲೆಕ್ಸಿಗೆ ಕೊಟ್ಟಿದ್ದೂ ಅದೇ ಫೋಟೋ.

ಬೈಲಪ್ಪನವರ ಹೆಂಡತಿ ಅನುಸೂಯಮ್ಮನಿಗೆ ಓದಲು ಬರುವುದಿಲ್ಲ. ಆದರೂ ಫೋನನ್ನು ಚೆನ್ನಾಗಿಯೇ ಬಳಸುತ್ತಿದ್ದರು. ನಂದೀಶ್ ದೊಡ್ಡಬಳ್ಳಾಪುರದ ಕಾರ್ಖಾನೆಗೆ ದಿನಾ ಹೋಗಿಬರುವವನು. ಅವನೇ ಕಲಿಸಿದ್ದ. "ಅಮ್ಮ, ಅಕ್ಷರದ ತಂಟೆಗೆ ಹೋಗ್ಬೇಡ. ವಾಟ್ಸಾಪಲ್ಲಿ ನನ್ನ ಮುಖ ನೋಡು, ಒತ್ತು, ಮಾತಾಡು. ಅಷ್ಟೇ." ಅನುಸೂಯಮ್ಮ ಹಾಗೇ ಮಾಡುತ್ತಿದ್ದರು. ಮಗ ಬೇಕೆಂದರೆ ಮಗನ ಮುಖ, ಮಗಳು ಬೇಕೆಂದರೆ ಮಗಳ ಮುಖ.

ಈಗ ಎಲ್ಲರೂ ಬೈಲಪ್ಪನವರೇ ಆಗಿಬಿಟ್ಟಿದ್ದರು. ಒಂದು ಮಧ್ಯಾಹ್ನ ಅನುಸೂಯಮ್ಮ ಮಗನಿಗೆಂದು ಮೈಕು ಒತ್ತಿ, "ಊಟ ಆಯ್ತೇನೋ ಕಂದಾ?" ಎಂದು ಕೇಳಿದರು. ಅದು ಮೈದುನ ಚಿನ್ನಸ್ವಾಮಿಗೆ ಹೋಯಿತು. ಅವನು ಫೋನ್ ಮಾಡಿ, "ಏನತ್ಗೆ, ನನ್ನ ಹೊಟ್ಟೆ ಮೇಲೆ ಇದ್ದಕ್ಕಿದ್ದಂಗೆ ಇಷ್ಟೊಂದು ಅಕ್ಕರೆ!" ಎಂದು ರೇಗಿಸಿದ. ಇವರೂ ನಕ್ಕರು. ಆಮೇಲೆ ಫೋನ್ ಮುಟ್ಟುವುದನ್ನೇ ಕಡಿಮೆ ಮಾಡಿದರು.

ಇದನ್ನು ಗಮನಿಸಿದ್ದು ಆರೋಗ್ಯ ಕೇಂದ್ರದ ನರ್ಸ್ ಫಿಝಾ. ಪ್ರಮೋದಾ ಆಗ ತುಂಬು ಬಸುರಿ. ಸಾವಾದ ಮನೆಯೆಂದು ಸೀಮಂತ ನಿಂತುಹೋಗಿ, ಅವಳು ತವರಿಗೂ ಹೋಗದೆ ಅತ್ತೆಯ ಜೊತೆ ತೋಟದ ಮನೆಯಲ್ಲೇ ಇದ್ದಳು. ಅವಳ ಬಿಪಿ ನೋಡಲು ಬಂದ ಫಿಝಾ, ಹೊರಡುವಾಗ ನಂದೀಶನನ್ನು ಕರೆದಳು.

"ನಂದೀಶಣ್ಣ, ಪ್ರಮೋದಾಗೆ ಬಿಪಿ ಸ್ವಲ್ಪ ಜಾಸ್ತಿ ಇದೆ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನೀವಿಲ್ಲದಾಗ ಅಮ್ಮಾನೇ ನಿಮಗೆ ಫೋನ್ ಮಾಡ್ಬೇಕಲ್ವಾ? ಅವ್ರ ಫೋನಲ್ಲಿ ನೀವ್ಯಾರು ಅಂತಾನೇ ಗೊತ್ತಾಗಲ್ಲ. ನಿಮ್ಮ ಫೋಟೋ ಹಾಕಿಕೊಡಿ."

"ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ ಸಿಸ್ಟರ್. ಈಗಲೇ ಡಿಪಿ ತೆಗೆದ್ರೆ ಜನ ಏನಂತಾರೆ?"

ಅನುಸೂಯಮ್ಮನೂ ಮಗನ ಪರವಾಗಿಯೇ ಮಾತಾಡಿದರು. "ಇರ್ಲಿ ಬಿಡವ್ವ. ಅವ್ರ ಮುಖ ಕಾಣ್ತಾ ಇದ್ರೆ ಮನೇಲೇ ಇದ್ದಂಗಿರುತ್ತೆ."

ಫಿಝಾ ಮತ್ತೆ ಹೇಳಲು ಹೋಗಲಿಲ್ಲ. ದುಃಖದ ಮನೆಯಲ್ಲಿ ಎಷ್ಟೂಂತ ವಾದ ಮಾಡುವುದು?

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ಪ್ರಮೋದಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅತ್ತೆ, ತಲೆ ಸಿಡೀತಾ ಇದೆ. ಕಣ್ಣು ಸರಿಯಾಗಿ ಕಾಣ್ತಿಲ್ಲ," ಎಂದಳು. ಅನುಸೂಯಮ್ಮ ಚಾಪೆ ಹಾಸುವಷ್ಟರಲ್ಲಿ ಅವಳಿಗೆ ಫಿಟ್ಸ್ ಬಂದಿತು. ಕೈಕಾಲು ಸೆಟೆದುಕೊಂಡವು, ಮಾತು ನಿಂತಿತು. ಅವಳ ಫೋನು ಲಾಕ್ ಆಗಿತ್ತು. ಅನುಸೂಯಮ್ಮ ತಮ್ಮ ಫೋನು ತೆರೆದರು.

ಮೇಲಿಂದ ಕೆಳಗಿನವರೆಗೆ ಗಂಡನ ಮುಖ.

ಮೊದಲನೆಯದನ್ನು ಒತ್ತಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಅದು ಕೆಂಪರಾಜ್, ಗಾಡಿ ಓಡಿಸುತ್ತಿದ್ದ. ಅದರ ಕೆಳಗಿನದನ್ನು ಒತ್ತಿದರು. ಚಿನ್ನಸ್ವಾಮಿ ಎತ್ತಿದ. ಅವನು ಶಿವಗಂಗೆಯಲ್ಲಿ ಯಾರದೋ ಮದುವೆಯಲ್ಲಿದ್ದ, ಓಲಗದ ಸದ್ದು ಕಿವಿಗೆ ಅಪ್ಪಳಿಸುತ್ತಿತ್ತು. "ಅತ್ಗೆ, ಏನೂ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ!" ಎಂದು ಇಟ್ಟುಬಿಟ್ಟ. ಇನ್ನೊಂದು ಒತ್ತಿದರೆ ಅದು ಹೋಗಲೇ ಇಲ್ಲ. ಸಾದಾ ಕಾಲ್ ಮಾಡುವ ಕಡೆ ಹೋದರೆ ಅಲ್ಲಿ ಬರೀ ಅಕ್ಷರಗಳು. "ರೀ, ಇದ್ರಲ್ಲಿ ನಂದೀಶ ಯಾರ್ರೀ, ಹೇಳ್ರೀ" ಎಂದು ಆ ಫೋಟೋಗಳನ್ನೇ ಕೇಳುತ್ತಾ ಅತ್ತರು.

ಕೊನೆಗೆ ಫೋನ್ ಎಸೆದು ರಸ್ತೆಗೆ ಓಡಿದರು. ಗುಲಾಬಿ ಹೂ ತುಂಬಿಕೊಂಡು ಹೋಗುತ್ತಿದ್ದ ವಿಜಯ್ ಎಂಬ ಹುಡುಗ ಗಾಡಿ ನಿಲ್ಲಿಸಿದ. ಹೂವಿನ ಕ್ರೇಟುಗಳನ್ನು ಅಲ್ಲೇ ಬದಿಗಿಳಿಸಿ, ಪ್ರಮೋದಾಳನ್ನು ದೇವನಹಳ್ಳಿಯ ಆಸ್ಪತ್ರೆಗೆ ಸೇರಿಸಿದ. ಅವನ ಹೊಟ್ಟೆ ತಣ್ಣಗಿರಲಿ.

ಪ್ರಮೋದಾ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು. ಇನ್ನೂ ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂಬುದನ್ನು ಡಾಕ್ಟರು ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪ್ರಮೋದಾಳನ್ನು ಮನೆಗೆ ಕರೆತಂದ ಮೇಲೆ ಫಿಝಾ ನೋಡಲು ಬಂದಳು. ಅವಳ ಎದುರಿಗೇ ನಂದೀಶನ ಸಂಕಟ ಸಿಟ್ಟಾಗಿ ಹೊರಬಂತು. "ಕೈಯಲ್ಲಿ ಫೋನಿತ್ತಲ್ಲಮ್ಮ! ನನಗೊಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಂಗೆ?"

ಫಿಝಾಗೆ ತಡೆಯಲಾಗಲಿಲ್ಲ. ಅನುಸೂಯಮ್ಮನ ಫೋನು ತೆಗೆದುಕೊಂಡು ವಾಟ್ಸಾಪ್ ತೆರೆದಳು. ತನ್ನ ಬ್ಯಾಗಿನಿಂದ ಗಾಯಕ್ಕೆ ಹಾಕುವ ಪ್ಲಾಸ್ಟರ್ ತೆಗೆದು, ಹೆಸರುಗಳು ಕಾಣದಂತೆ ಪರದೆಗೆ ಅಂಟಿಸಿದಳು. ಮುಖಗಳಷ್ಟೇ ಉಳಿದವು.

"ತಗೊಳ್ಳಿ ನಂದೀಶಣ್ಣ. ನೀವು ಓದಿದೋರು. ಇದ್ರಲ್ಲಿ ನಿಮಗೆ ನೀವೇ ಫೋನ್ ಮಾಡಿ."

ನಂದೀಶ್ ಒಂದನ್ನು ಒತ್ತಿದ. "ಏನಮ್ಮಾ?" ಎಂದು ಕವಿತಳ ಧ್ವನಿ ಬಂತು. ಇಟ್ಟು, ಇನ್ನೊಂದನ್ನು ಒತ್ತಿದ. "ಹೇಳಿ ಅತ್ಗೆ," ಎಂದ ಚಿನ್ನಸ್ವಾಮಿ. ಮೂರನೆಯದನ್ನು ಅವನು ಒತ್ತಲಿಲ್ಲ. ಫೋನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

"ಗೊತ್ತಾಗ್ತಿಲ್ಲ ಅಂತ ನನ್ಹತ್ರ ಯಾಕಮ್ಮ ಹೇಳ್ಲಿಲ್ಲ?"

"ನಿಮ್ಮಪ್ಪನ್ನ ತೆಗಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲೋ?"

ಒಳಗೆ ಮಲಗಿದ್ದ ಪ್ರಮೋದಾ ಬಾಗಿಲ ಹತ್ತಿರ ಬಂದು ನಿಂತಳು. "ತೆಗೀರಿ," ಎಂದಳು. "ಮಾವ ಇದ್ದಿದ್ರೆ ಅವ್ರೇ ಬೈದು ತೆಗೆಸ್ತಿದ್ರು."

ಫಿಝಾ ಹತ್ತಿರ ಕೂತು ತಿಳಿಸಿಕೊಟ್ಟಳು. "ವಾಟ್ಸಾಪಲ್ಲಿ ಅವ್ರವ್ರು ಹಾಕ್ಕೊಂಡ ಫೋಟೋನೇ ಕಾಣೋದು. ಅದಕ್ಕೆ ಮನೆಯೋರು ಅಲ್ಲಿ ತಮ್ಮ ಮುಖಾನೇ ಇಡ್ಬೇಕು. ಯಜಮಾನ್ರ ಫೋಟೋ ಬೇಕಾದ್ರೆ ಸ್ಟೇಟಸ್‌ಗೆ ಹಾಕ್ಕೊಳ್ಳಿ. ಇನ್ನು ಫೋನಿನ ಕಾಂಟ್ಯಾಕ್ಟ್‌ಗೆ ಹೋಗಿ ಹೆಸರು ತೆಗೆದು, ಎಡಿಟ್ ಒತ್ತಿದ್ರೆ ಅಲ್ಲೇ ಫೋಟೋ ಹಾಕೋ ಜಾಗ ಇರುತ್ತೆ. ಅದು ಅಮ್ಮನ ಫೋನಿಗೆ ನಾವು ಹಾಕೋ ಫೋಟೋ. ನೀವು ನಿಮ್ಮ ಡಿಪಿ ಎಷ್ಟು ಸಲ ಬದಲಾಯಿಸಿದ್ರೂ ಅದು ಹಂಗೇ ಇರುತ್ತೆ, ಸಾದಾ ಕಾಲ್ ಮಾಡುವಾಗ ಅದೇ ಕಾಣುತ್ತೆ. 108ನ್ನೂ ಆಂಬುಲೆನ್ಸ್ ಚಿತ್ರ ಹಾಕಿ ಸೇವ್ ಮಾಡಿ."

ನಂದೀಶ್ ಪ್ಲಾಸ್ಟರ್ ಕಿತ್ತು, ತನ್ನ ಡಿಪಿ ಬದಲಿಸಿ, ಅಮ್ಮನ ಫೋನಿನಲ್ಲಿ ಎಲ್ಲರ ಫೋಟೋವನ್ನೂ ಒಂದೊಂದಾಗಿ ಹಾಕಿದ. ಚಿನ್ನಸ್ವಾಮಿಗೂ ಕೆಂಪರಾಜ್‌ಗೂ ತಾನೇ ಫೋನ್ ಮಾಡಿ ಡಿಪಿ ಬದಲಿಸಲು ಹೇಳಿದ. ಅವರೂ ಬದಲಿಸಿದರು. ಬೈಲಪ್ಪನವರ ಫೋಟೋವನ್ನು ಮಾತ್ರ ಅಮ್ಮನ ಫೋನಿನ ಮೊದಲ ಪರದೆಗೆ ಹಾಕಿದ. ಆಮೇಲೆ ಫೋನನ್ನು ಅವರ ಕೈಗಿಟ್ಟು, "ಈಗ ನಂಗೆ ಫೋನ್ ಮಾಡಮ್ಮ," ಎಂದ.

ಅನುಸೂಯಮ್ಮ ಹುಡುಕಿದರು. ಮಗನ ಮುಖ ಸಿಕ್ಕಿತು. ಒತ್ತಿದರು. ಪಕ್ಕದಲ್ಲೇ ಕೂತಿದ್ದ ನಂದೀಶನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಎತ್ತಿ ಕಿವಿಗಿಟ್ಟ.

"ಹೇಳಮ್ಮ."

ಅವತ್ತು ಹೇಳಲಾಗದ ಮಾತು ಈಗ ಅನುಸೂಯಮ್ಮನ ಬಾಯಿಂದ ಹೊರಬಂತು.

"ನಂದೀಶಾ... ಪ್ರಮೋದಾಗೆ ಹುಷಾರಿಲ್ಲ ಕಣೋ. ಬೇಗ ಬಾರೋ."

"ಬಂದೆ ಅಮ್ಮ," ಎಂದ ನಂದೀಶ್. ಇಬ್ಬರೂ ಫೋನು ಕಿವಿಯಲ್ಲಿಟ್ಟುಕೊಂಡೇ ಅತ್ತರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೋದವರನ್ನು ಮರೆಯಿರಿ ಎಂದು ನಾವು ಹೇಳುತ್ತಿಲ್ಲ. ಗೋಡೆಯ ಮೇಲಿಡಿ, ದೇವರ ಮನೆಯಲ್ಲಿಡಿ, ಮನಸ್ಸಿನಲ್ಲಿಡಿ. ಆದರೆ ನಿಮ್ಮ ಮನೆಯಲ್ಲೂ ಓದಲು ಬಾರದ, ಕಣ್ಣು ಮಂಜಾದ ಹಿರಿಯರು ಇರಬಹುದು. ಅವರ ಪಾಲಿಗೆ ನಿಮ್ಮ ಮುಖವೇ ನಿಮ್ಮ ಹೆಸರು. ಇವತ್ತು ಮನೆಗೆ ಹೋದ ಕೂಡಲೇ ಅವರ ಪಕ್ಕ ಕುಳಿತು ಅವರ ಫೋನಿನಲ್ಲಿ ನಿಮ್ಮ ಫೋಟೋ ಹಾಕಿಕೊಡಿ. ಅವರ ಕೈಯಿಂದಲೇ ಒಂದು ಸಲ ನಿಮಗೆ ಫೋನ್ ಮಾಡಿಸಿ. ಎದುರಿಗೇ ಇದ್ದರೂ ಪರವಾಗಿಲ್ಲ, ಎತ್ತಿ ಮಾತಾಡಿ.